ಹಿಡಿಯದ ಬ್ರೇಕು, ಬಿಡದ ಬ್ರೇಕು

ಹೋದ ವರ್ಷ ಆಯುಧಪೂಜೆಯ ದಿನ ನಮ್ಮ ಗಾಡಿಗೆ ಚೆಂಡುಹೂವಿನ ಹಾರ ಹಾಕಿ, ನಾಲ್ಕು ಟೈರಿನಡಿ ನಾಲ್ಕು ನಿಂಬೆಹಣ್ಣು ಇಟ್ಟು, ಶಾಸ್ತ್ರಕ್ಕೆ ಒಂದು ಮಾರು ಮುಂದಕ್ಕೆ ಬಿಟ್ಟೆ. ನಿಂಬೆಹಣ್ಣು ನಾಲ್ಕೂ ಅಪ್ಪಚ್ಚಿಯಾದವು. ಗಾಡಿ ಮಾತ್ರ ನಿಲ್ಲಲಿಲ್ಲ. ನಮ್ಮ ಅಂಗಳ ಗೇಟಿನ ಕಡೆಗೆ ಇಳಿಜಾರು. ಪೆಡಲ್ ಒತ್ತಿದೆ, ಸೀದಾ ನೆಲಕ್ಕೆ ಹೋಯಿತು. ಎರಡನೇ ಸಲ ಪಂಪ್ ಹೊಡೆದೆ, ಅರ್ಧಕ್ಕೆ ಸಿಕ್ಕಿತು. ಮೂರನೇ ಸಲಕ್ಕೆ ಬ್ರೇಕ್ ಹಿಡಿಯಿತು. ಅಷ್ಟರಲ್ಲಿ ಗೇಟಿನ ಕಲ್ಲುಕಂಬ ನೆಲಕ್ಕೆ ಮಲಗಿತ್ತು. ಬಂಪರಿಗೆ ಒಂದು ಗೀರೂ ಇಲ್ಲ. 1952ರ ಕಬ್ಬಿಣ ಅಲ್ವಾ.

ಹೆಂಡತಿ ಆರತಿ ತಟ್ಟೆ ಹಿಡಿದುಕೊಂಡು ಅಲ್ಲೇ ನಿಂತಿದ್ದಳು. "ಇದಕ್ಕೆ ಬ್ರೇಕ್ ಇರಬೇಕು, ಇಲ್ಲಾಂದ್ರೆ ಇದು ಕೊಟ್ಟಿಗೆಯಲ್ಲೇ ಇರಬೇಕು" ಅಂದಳು. ಬೇರೆ ಏನೂ ಹೇಳಲಿಲ್ಲ.

ಗಾಡಿ ಅಂದರೆ ಅಜ್ಜನ ಷೆವರ್ಲೆ 3100. ಅರ್ಧ ಟನ್ನಿನ ಪಿಕಪ್. ಜನರಲ್ ಮೋಟಾರ್ಸ್‌ನವರು 1928ರಲ್ಲೇ ಬೊಂಬಾಯಿಯಲ್ಲಿ ಗಾಡಿ ಜೋಡಿಸಲು ಶುರು ಮಾಡಿದ್ದರು, 1954ರಲ್ಲಿ ಬಾಗಿಲು ಹಾಕಿದರು. ನಮ್ಮದೂ ಆ ಕೊನೆಯ ವರ್ಷಗಳದ್ದು. ಅಜ್ಜ ಅದನ್ನು ಒಬ್ಬ ಕಾಫಿ ಪ್ಲಾಂಟರ್ ಕೈಯಿಂದ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಿದ್ದು. ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಿಂದ ಶಿವಮೊಗ್ಗದ ಮಂಡಿಗೆ ಅಡಿಕೆ ಮೂಟೆ ಹೊತ್ತು ಹೊತ್ತು ಸವೆದಿತ್ತು. ಆಮೇಲೆ ಸುಮಾರು ಮೂವತ್ತು ವರ್ಷ ಕೊಟ್ಟಿಗೆಯಲ್ಲಿ ಕೋಳಿಗಳಿಗೆ ಮನೆಯಾಗಿತ್ತು. ಎರಡು ವರ್ಷ ಹಿಂದೆ ಎಂಜಿನ್ ಎಬ್ಬಿಸಿದೆವು. ಆರು ಸಿಲಿಂಡರಿನ ಎಂಜಿನ್, ಸ್ಟಾರ್ಟ್ ಆದಾಗ ಊರಿಗೆ ಊರೇ ಬಂದು ನೋಡಿತು. ಎಲ್ಲರೂ ಎಂಜಿನ್ ಶಬ್ದ ಫೋನಿಗೆ ಹಿಡಿದುಕೊಂಡು ಹೋದರು. ಬ್ರೇಕ್ ಹೇಗಿದೆ ಅಂತ ಒಬ್ಬರೂ ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ, ಅದೇ ತಪ್ಪು.

ಕಂಬ ಬಿದ್ದ ಮಾರನೇ ದಿನ ಚಿಕ್ಕಪ್ಪನನ್ನು ಕರೆದೆ. ಅವರು ಲಾರಿ ಗ್ಯಾರೇಜಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವರು. ಈಗ ಮಂಡಿ ನೋವು, ಕೂತು ಏಳಲು ಆಗುವುದಿಲ್ಲ. ಹಾಗಾಗಿ ಅವರು ಕುರ್ಚಿ ಹಾಕಿ ಕೂರುವುದು, ನಾನು ನೆಲದಲ್ಲಿ ಹೊರಳುವುದು ಅಂತ ಒಪ್ಪಂದವಾಯಿತು. ಪೆಡಲ್ ಒಂದು ಸಲ ಒತ್ತಿ ನೋಡಿ ಅವರು ಹೇಳಿದ ಮೊದಲ ಮಾತು ಇದು: "ಬ್ರೇಕ್ ಹಿಡಿಸೋದು ಯಾರಾದ್ರೂ ಮಾಡ್ತಾರೆ ಮಾರಾಯ. ಬಿಡಿಸೋಕೆ ಬರ್ಬೇಕು." ನನಗೆ ನಗು ಬಂತು. ಹಿಡಿಯುವುದೇ ಇಲ್ಲ ಅಂತ ನಾನು ಒದ್ದಾಡುತ್ತಿದ್ದರೆ ಇವರು ಬಿಡಿಸುವ ಮಾತಾಡುತ್ತಾರಲ್ಲ ಅಂತ.

ನಾಲ್ಕೂ ಚಕ್ರ ಎತ್ತಿದೆವು. ಬರೀ ಜಾಕಿ ನಂಬಿ ಗಾಡಿ ಕೆಳಗೆ ಹೋಗಬಾರದು. ಆಕ್ಸಲ್ ಅಡಿಗೆ ಹಲಸಿನ ಮರದ ದಿಮ್ಮಿ ಕೊಟ್ಟೆ. ಒಂದೊಂದು ಚಕ್ರಕ್ಕೆ ಆರು ನಟ್ಟು. ಅಷ್ಟು ಬಿಚ್ಚುವುದು ಸುಲಭ. ಚಕ್ರದ ಜೊತೆ ತಿರುಗುವ ಕಬ್ಬಿಣದ ಬೋಗುಣಿಯಂಥ ಡ್ರಮ್ ಕೈಗೆ ಬರಬೇಕಲ್ಲ! ಅದನ್ನು ಹಿಡಿದಿದ್ದ ಚಿಕ್ಕ ಸ್ಕ್ರೂಗಳ ತಲೆ ತುಕ್ಕಿನಲ್ಲಿ ಕಾಣುತ್ತಲೇ ಇರಲಿಲ್ಲ. ಉಳಿ ಇಟ್ಟು ಬಡಿದು ತಿರುಗಿಸಿ ತೆಗೆದದ್ದಾಯಿತು. ಆದರೂ ಡ್ರಮ್ ಅಲ್ಲಾಡಲಿಲ್ಲ. ಡೀಸೆಲ್ ಸುರಿದು ರಾತ್ರಿ ಬಿಟ್ಟೆ. ಬೆಳಿಗ್ಗೆ ಮರದ ಕೊಡತಿಯಿಂದ ಸುತ್ತಲೂ ಬಡಿದೆ. ಒಂದು ಇಂಚು ಹೊರಗೆ ಬಂದು ಮತ್ತೆ ನಿಂತಿತು.

"ಎಳೀಬೇಡ" ಅಂದರು ಚಿಕ್ಕಪ್ಪ. ವಿಷಯ ಏನಪ್ಪಾ ಅಂದರೆ, ಡ್ರಮ್ಮನ್ನು ಒಳಗಿನಿಂದ ಒತ್ತಿ ಚಕ್ರ ನಿಲ್ಲಿಸುವ ಬಾಗಿದ ಪಟ್ಟಿಗೆ ಶೂ ಅನ್ನುತ್ತಾರೆ; ವರ್ಷಗಟ್ಟಲೆ ಉಜ್ಜಿದಾಗ ಶೂ ಕೂರುವ ಜಾಗದಲ್ಲಿ ಡ್ರಮ್ ಸವೆಯುತ್ತದೆ, ಅಂಚಿನಲ್ಲಿ ಸವೆಯುವುದಿಲ್ಲ. ಅಂಚು ಒಂದು ಕಟ್ಟೆಯ ಹಾಗೆ ಎದ್ದು ನಿಂತಿರುತ್ತದೆ. ಆ ಕಟ್ಟೆಗೆ ಶೂ ಸಿಕ್ಕಿಹಾಕಿಕೊಳ್ಳುತ್ತದೆ. ಹಿಂದಿನಿಂದ, ಶೂಗಳನ್ನು ಹೊತ್ತಿರುವ ಬ್ಯಾಕ್ ಪ್ಲೇಟ್ ಅನ್ನುವ ತಗಡಿನ ಸಣ್ಣ ಸಂದಿಯಲ್ಲಿ ಸ್ಕ್ರೂಡ್ರೈವರ್ ಹಾಕಿ ಸ್ಟಾರ್ ವೀಲ್ ಅನ್ನುವ ಹಲ್ಲಿನ ಚಕ್ರವನ್ನು ಹಿಂದಕ್ಕೆ ತಿರುಗಿಸಿ ಶೂಗಳನ್ನು ಒಳಕ್ಕೆ ತರಬೇಕು. ಆಗ ಡ್ರಮ್ ತಾನಾಗಿಯೇ ಕೈಗೆ ಬರುತ್ತದೆ. ಬಂತು. ಒಳಗಿನಿಂದ ಒಂದು ಹಿಡಿ ಕಪ್ಪು ಪುಡಿ, ಒಂದು ಒಣಗಿದ ಹಲ್ಲಿ.

ಆ ಪುಡಿಯನ್ನು ಊದಬೇಡಿ, ಕಂಪ್ರೆಸರ್ ಗಾಳಿಯನ್ನಂತೂ ಹಿಡಿಯಲೇಬೇಡಿ. ಶೂವಿನ ಮೇಲೆ ಕೂರಿಸಿದ, ಡ್ರಮ್ಮಿಗೆ ಉಜ್ಜುವ ಪಟ್ಟಿಯೇ ಲೈನರ್. ಹಳೇ ಲೈನರುಗಳಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ಅದು ಶ್ವಾಸಕೋಶಕ್ಕೆ ಹೋದರೆ ವಾಪಸ್ ಬರುವ ಜಾತಿಯದಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಕವರಿಗೆ ಹಾಕಿ ಕಟ್ಟಿಟ್ಟೆ. ಚಿಕ್ಕಪ್ಪನ ಕಾಲದ ಗ್ಯಾರೇಜಿನಲ್ಲಿ ಇದನ್ನೆಲ್ಲ ಬಾಯಲ್ಲೇ ಊದುತ್ತಿದ್ದರಂತೆ.

ತೆಗೆದ ಮೇಲೆ ಒಂದು ಸಮಾಧಾನ ಆಯಿತು. ಶೂಗಳ ತುದಿ ಆತುಕೊಳ್ಳುವ ಆಂಕರ್ ಪಿನ್ ಮೇಲಿತ್ತು, ಸ್ಟಾರ್ ವೀಲ್ ಕೆಳಗಿತ್ತು. ಅಂದರೆ ಬೆಂಡಿಕ್ಸ್ ಅನ್ನುವ ಜಾತಿಯ ಬ್ರೇಕು. ಷೆವರ್ಲೆ ಅರ್ಧ ಟನ್ನಿನ ಗಾಡಿಗಳಿಗೆ 1950ರವರೆಗೆ ಹಕ್ ಅನ್ನುವ ಬೇರೆ ಜಾತಿಯ ಬ್ರೇಕ್ ಇತ್ತು, 1951ರಿಂದ ಬೆಂಡಿಕ್ಸ್ ಬಂತು. ಸಾಮಾನು ಹುಡುಕುವಾಗ ಈ ಒಂದು ವರ್ಷದ ವ್ಯತ್ಯಾಸ ಗೊತ್ತಿಲ್ಲದಿದ್ದರೆ ದುಡ್ಡು ನೀರಿಗೆ ಹಾಕಿದ ಹಾಗೆ.

ಒಳಗಿನ ಪರಿಸ್ಥಿತಿ ಚೆನ್ನಾಗಿರಲಿಲ್ಲ. ಆಯಿಲಿನ ಒತ್ತಡದಿಂದ ಶೂಗಳನ್ನು ದೂಡುವ ನಾಲ್ಕು ವೀಲ್ ಸಿಲಿಂಡರಿನಲ್ಲಿ ಎರಡು ಕಚ್ಚಿಕೊಂಡು ಕೂತಿದ್ದವು. ಉಳಿದೆರಡು ಸೋರುತ್ತಿದ್ದವು. ನಮ್ಮ ಕಡೆ ಮಳೆಗಾಲದಲ್ಲಿ ಗೋಡೆಯೇ ಬೆವರುತ್ತದೆ. ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವವನ್ನು ಉಪ್ಪಿನ ಹಾಗೆ ಹೀರಿಕೊಳ್ಳುತ್ತದೆ. ಮೂವತ್ತು ಮಳೆಗಾಲ ಕುಡಿದ ಆಯಿಲ್ ಆ ಸಿಲಿಂಡರುಗಳನ್ನು ಒಳಗಿನಿಂದ ತಿಂದುಹಾಕಿತ್ತು. ಹಿಂದಿನ ಎಡ ಚಕ್ರದಲ್ಲಿ ಆಕ್ಸಲ್ ಸೀಲ್ ಬೇರೆ ಹೋಗಿತ್ತು. ಗೇರ್ ಆಯಿಲ್ ಲೈನರಿಗೆ ಇಳಿದು, ಹೆಂಚಿನ ಮೇಲೆ ಎಣ್ಣೆ ಸವರಿದ ಹಾಗಾಗಿತ್ತು. ಆಯಿಲ್ ಕುಡಿದ ಲೈನರನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುವವರಿದ್ದಾರೆ. ಕೆಲಸಕ್ಕೆ ಬರುವುದಿಲ್ಲ. ಬಿಸಿಯಾದ ಕೂಡಲೇ ಒಳಗಿನ ಎಣ್ಣೆ ಮತ್ತೆ ಮೇಲಕ್ಕೆ ಬರುತ್ತದೆ.

ಸಾಮಾನು ಕೂಡಿಸಲು ಎರಡು ತಿಂಗಳು ಹಿಡಿಯಿತು. ಅಮೆರಿಕದಲ್ಲಿ ಈ ಗಾಡಿಗಳ ಹುಚ್ಚು ಜಾಸ್ತಿ, ಹಾಗಾಗಿ ಪ್ರತಿಯೊಂದು ಸ್ಪ್ರಿಂಗೂ ಹೊಸದಾಗಿ ಸಿಗುತ್ತದೆ. ನ್ಯೂಜೆರ್ಸಿಯಲ್ಲಿರುವ ತಂಗಿಯ ಮಗ ಊರಿಗೆ ಬರುವಾಗ ನಾಲ್ಕು ವೀಲ್ ಸಿಲಿಂಡರು, ಪೆಡಲ್ ಒತ್ತಿದಾಗ ಆಯಿಲನ್ನು ಪೈಪಿಗೆ ದೂಡುವ ಮಾಸ್ಟರ್ ಸಿಲಿಂಡರಿನ ಕಿಟ್ಟು, ಸ್ಪ್ರಿಂಗಿನ ಸೆಟ್ಟು ತಂದ. ಚಾಕೊಲೇಟ್ ಕಮ್ಮಿ ಬಂತು ಅಂತ ಮಕ್ಕಳಿಗೆ ಬೇಸರ. ಮೂರು ರಬ್ಬರ್ ಹೋಸುಗಳನ್ನು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸ್ಯಾಂಪಲ್ ತೋರಿಸಿ ಮಾಡಿಸಿದೆ. ಸ್ಟೀಲ್ ಪೈಪುಗಳನ್ನೂ ಬದಲಾಯಿಸಿದೆ. ಯಾರೋ ತಾಮ್ರದ ಪೈಪ್ ಹಾಕಿ, ಬಗ್ಗಿಸಲು ಸುಲಭ ಅಂದರು. ಬರೀ ತಾಮ್ರ ಅದುರಿ ಅದುರಿ ಗಡುಸಾಗಿ ಒಂದು ದಿನ ಬಿರಿಯುತ್ತದೆ. ಈ ಗಾಡಿಯಲ್ಲಿ ಮಾಸ್ಟರ್ ಸಿಲಿಂಡರಿಗೆ ಒಂದೇ ಕೋಣೆ. ಒಂದು ಪೈಪ್ ಬಿರಿದರೆ ನಾಲ್ಕೂ ಚಕ್ರದ ಬ್ರೇಕ್ ಹೋಯಿತು. ಟೈರ್ ಮಾತ್ರ ಕಷ್ಟ ಕೊಡಲಿಲ್ಲ. 6.00-16, ನಮ್ಮ ಜೀಪುಗಳ ಅಳತೆಯೇ, ತಾಲ್ಲೂಕಿನಲ್ಲೇ ಸಿಕ್ಕಿತು.

ಡ್ರಮ್ಮಿನ ಕೆಲಸ ಶಿವಮೊಗ್ಗದ ಒಂದು ಲೇತ್ ಅಂಗಡಿಯಲ್ಲಿ. ಹೊಸ ಡ್ರಮ್ಮಿನ ಒಳಗಿನ ಅಳತೆ 11 ಇಂಚು, ಅಂದರೆ 279.4 ಮಿಲಿಮೀಟರ್. ಅದರ ಮೇಲೆ ಸುಮಾರು 1.5 ಮಿಲಿಮೀಟರಿನವರೆಗೆ ತಿರುವಬಹುದು, ಅಂದರೆ ಲೇತಿನಲ್ಲಿ ಕೆತ್ತಿ ಅಗಲ ಮಾಡಬಹುದು. ಅದಕ್ಕಿಂತ ಜಾಸ್ತಿ ತೆಗೆದರೆ ಡ್ರಮ್ ತೆಳ್ಳಗಾಗಿ, ಬಿಸಿಗೆ ಬೇಗ ಹಿಗ್ಗಿ, ಶೂವಿನಿಂದ ದೂರ ಓಡುತ್ತದೆ. ಮುಂದಿನ ಬಲಗಡೆಯದು ಗಂಟೆಯ ಬಾಯಿಯ ಹಾಗೆ ಅಗಲವಾಗಿತ್ತು. 280.5ಕ್ಕೆ ಸರಿಹೋಯಿತು. ಎಡಗಡೆಯದು ಅಷ್ಟೇನೂ ಕೆಟ್ಟಿರಲಿಲ್ಲ, ಆದರೂ ಅದನ್ನೂ ಅಷ್ಟಕ್ಕೇ ತಿರುವಿಸಿದೆ. ಒಂದೇ ಆಕ್ಸಲಿನ ಎರಡು ಡ್ರಮ್ ಬೇರೆ ಬೇರೆ ಅಳತೆ ಇದ್ದರೆ ಗಾಡಿ ಒಂದು ಕಡೆ ಎಳೆಯುತ್ತದೆ.

ಲೈನರ್ ಹೊಡೆಯುವುದನ್ನು ನೋಡುತ್ತಾ ಅರ್ಧ ದಿನ ಅಲ್ಲೇ ಕೂತೆ. ಹಳೇ ರಿವೆಟ್ ಕೊರೆದು ತೆಗೆದು, ಶೂವನ್ನು ಉಜ್ಜಿ, ಹೊಸ ಲೈನರ್ ಇಟ್ಟು ಹಿತ್ತಾಳೆ ರಿವೆಟ್ ಹೊಡೆಯುತ್ತಾರೆ. ನಡುವಿನಿಂದ ಶುರು ಮಾಡಿ ಎರಡೂ ತುದಿಗೆ ಹೋಗಬೇಕು. ಹಾಸಿಗೆ ಮೇಲೆ ಬೆಡ್‌ಶೀಟ್ ಎಳೆದ ಹಾಗೆ. ತುದಿಯಿಂದ ಶುರು ಮಾಡಿದರೆ ನಡುವೆ ಉಬ್ಬು ಉಳಿಯುತ್ತದೆ. ಅಂಗಡಿಯ ಹುಡುಗ ಹೊಡೆಯುವ ವೇಗ ನೋಡಿದರೆ ಬೆರಳು ಇನ್ನೂ ಹೇಗೆ ಉಳಿದಿದೆ ಅನ್ನಿಸುತ್ತಿತ್ತು.

ಮನೆಗೆ ತಂದ ಮೇಲೆ ಚಿಕ್ಕಪ್ಪ ಮಗಳ ಹತ್ತಿರ ಒಂದು ಬಳಪ ತರಿಸಿದರು. ಡ್ರಮ್ಮಿನ ಒಳಗೆ ಸುತ್ತಲೂ ಬಳಪ ಉಜ್ಜಿ, ಶೂವನ್ನು ಬರಿಗೈಯಲ್ಲಿ ಅದಕ್ಕೆ ಒತ್ತಿ ಸ್ವಲ್ಪ ಆಚೀಚೆ ಆಡಿಸಲು ಹೇಳಿದರು. ತೆಗೆದು ನೋಡಿದರೆ ಲೈನರಿನ ನಡುವೆ ಮಾತ್ರ ನಾಲ್ಕು ಬೆರಳು ಅಗಲ ಬಿಳಿ. ಎರಡೂ ತುದಿ ಕಪ್ಪು. ಡ್ರಮ್ ತಿರುವಿದ ಮೇಲೆ ಅದರ ಸುತ್ತು ದೊಡ್ಡದಾಯಿತು, ಶೂವಿನ ಬಾಗು ಹಳೆಯದೇ. ಹಾಗಾಗಿ ನಡು ಮಾತ್ರ ತಾಗುತ್ತದೆ. ಹೀಗೇ ಹಾಕಿದರೆ ಪೆಡಲ್ ಸ್ಪಂಜಿನ ಹಾಗಿರುತ್ತದೆ, ಲೈನರ್ ಸವೆದು ಕೂರುವವರೆಗೆ ಬ್ರೇಕ್ ಅರ್ಧ. ಉಜ್ಜು, ಬಳಪ ಹಚ್ಚು, ಒತ್ತು, ನೋಡು. ಎಂಟು ಶೂ. ಮೂಗಿಗೆ ಮಾಸ್ಕ್, ಒದ್ದೆ ಮರಳುಕಾಗದ. ಮೂರು ಸಂಜೆ ಅದೇ ಕೆಲಸ. ಕೊನೆಗೆ ಬಿಳಿ ತುದಿಯಿಂದ ತುದಿಗೆ ಹರಡಿತು. ತೀರಾ ತುದಿಯಲ್ಲಿ ಕೂದಲೆಳೆ ಬಿಟ್ಟಿದ್ದರೆ ಒಳ್ಳೆಯದು, ಇಲ್ಲದಿದ್ದರೆ ಹೊಸದರಲ್ಲಿ ಕಚ್ಚುತ್ತದೆ, ಕಿರುಚುತ್ತದೆ.

ಇನ್ನು ಜೋಡಿಸುವುದು. ಬ್ಯಾಕ್ ಪ್ಲೇಟಿನಲ್ಲಿ ಶೂವಿನ ಅಂಚು ಆತುಕೊಂಡು ಜಾರುವ ಆರು ದಿಬ್ಬಗಳಿರುತ್ತವೆ. ನಮ್ಮದರಲ್ಲಿ ಅಲ್ಲಿ ಉಗುರು ಸಿಕ್ಕುವಷ್ಟು ಗುಳಿ ಬಿದ್ದಿತ್ತು. "ನೋಡು, ಇದಕ್ಕೇ ಬ್ರೇಕ್ ಬಿಡಲ್ಲ" ಅಂದರು ಚಿಕ್ಕಪ್ಪ. ಒತ್ತಿದಾಗ ಶೂ ಗುಳಿ ದಾಟಿ ಹೋಗುತ್ತದೆ, ಕಾಲು ತೆಗೆದಾಗ ಅಲ್ಲೇ ಸಿಕ್ಕಿಕೊಳ್ಳುತ್ತದೆ. ವೆಲ್ಡಿಂಗ್ ಮಾಡಿಸಿ ಮಟ್ಟ ಮಾಡಿದೆ. ಆ ಆರು ಜಾಗಕ್ಕೆ ಬಿಸಿ ತಡೆಯುವ ಗ್ರೀಸ್, ಸಾಸಿವೆ ಕಾಳಿನಷ್ಟು. ಜಾಸ್ತಿ ಹಚ್ಚಿದರೆ ಕರಗಿ ಲೈನರಿಗೇ ಇಳಿಯುತ್ತದೆ.

ಸ್ಪ್ರಿಂಗ್ ಹಾಕುವ ಇಕ್ಕಳ ನನ್ನ ಹತ್ತಿರ ಇರಲಿಲ್ಲ. ಸ್ಕ್ರೂಡ್ರೈವರಿನಲ್ಲಿ ಮೀಟಿದೆ. ಮೊದಲನೇ ಸ್ಪ್ರಿಂಗ್ ಹಾರಿ ಕೊಟ್ಟಿಗೆಯ ಹೆಂಚು ಒಡೆದು ಹೊರಗೆ ಹೋಯಿತು. ನ್ಯೂಜೆರ್ಸಿಯಿಂದ ಬಂದದ್ದು! ಮಧ್ಯಾಹ್ನವಿಡೀ ದರಗಿನಲ್ಲಿ ಹುಡುಕಿದೆವು. ಕೊನೆಗೆ ಸಿಕ್ಕಿತು. ಆಮೇಲೆ ಗಟ್ಟಿ ನೈಲಾನ್ ಹಗ್ಗವನ್ನು ಕೊಕ್ಕೆಗೆ ಹಾಕಿ ಎಳೆದು ಕೂರಿಸುವುದು ಕಲಿತೆ. ಕನ್ನಡಕ ಹಾಕಿಕೊಳ್ಳಿ, ಸುಮ್ನೆ ಹೇಳುತ್ತಿಲ್ಲ.

ಮುಂದಿನ ಎರಡು ಚಕ್ರ ಜೋಡಿಸಿ, ಕೈ ತೊಳೆದು, ಕಾಫಿ ಕುಡಿಯುತ್ತಿದ್ದೆ. ಮಗಳು ಪಿಯುಸಿ, ಫಿಸಿಕ್ಸ್ ಪುಸ್ತಕ ಹಿಡಿದುಕೊಂಡು ಅಲ್ಲೇ ಓಡಾಡುತ್ತಿದ್ದಳು. "ಅಪ್ಪ, ಈ ಕಡೆ ಲೈನರ್ ಎರಡೂ ಉದ್ದ ಇದೆ, ಆ ಕಡೆ ಎರಡೂ ಗಿಡ್ಡ. ಹಾಗೇ ಇರಬೇಕಾ?" ಅಂದಳು. ಚಿಕ್ಕಪ್ಪ ನಗಲು ಶುರು ಮಾಡಿದವರು ಕೆಮ್ಮು ಬರುವವರೆಗೂ ನಿಲ್ಲಿಸಲಿಲ್ಲ. ಅವರಿಗೆ ಮೊದಲೇ ಗೊತ್ತಿತ್ತಂತೆ. ನಾನೇ ಕಂಡುಕೊಳ್ಳಲಿ ಅಂತ ಬಿಟ್ಟಿದ್ದರಂತೆ. ಉದ್ದದ್ದು ಎರಡು, ಗಿಡ್ಡದ್ದು ಎರಡು ಕಂಡಾಗ ನಾನು ಚಪ್ಪಲಿಯ ಹಾಗೆ ಜೋಡಿ ಮಾಡಿಬಿಟ್ಟಿದ್ದೆ. ಎಡಗಾಲಿಗೆ ಎರಡೂ ಎಡದ ಚಪ್ಪಲಿ ಹಾಕಿದ ಲೆಕ್ಕ.

ಪ್ರತಿ ಚಕ್ರಕ್ಕೂ ಒಂದು ಗಿಡ್ಡ, ಒಂದು ಉದ್ದ ಬರಬೇಕು. ಗಿಡ್ಡದ್ದು ಗಾಡಿಯ ಮುಂಭಾಗಕ್ಕೆ, ಉದ್ದದ್ದು ಹಿಂಭಾಗಕ್ಕೆ. ಯಾಕೆ ಅನ್ನುವುದರಲ್ಲಿ ಈ ಬ್ರೇಕಿನ ಕಿಲಾಡಿತನ ಇದೆ. ಬಾಗಿಲು ಹಾಕಿಕೊಳ್ಳದಿರಲಿ ಅಂತ ಅಡಿಗೆ ಮರದ ಬೆಣೆ ಇಡುತ್ತೇವಲ್ಲ, ಗಾಳಿ ಬಾಗಿಲನ್ನು ತಳ್ಳಿದಷ್ಟೂ ಬೆಣೆ ಬಿಗಿಯಾಗುತ್ತದೆ. ಇದೂ ಹಾಗೇ. ಶೂಗಳ ಕೆಳತುದಿಯನ್ನು ಬ್ಯಾಕ್ ಪ್ಲೇಟಿಗೆ ಕಟ್ಟಿಹಾಕಿಲ್ಲ. ಎರಡರ ನಡುವೆ ಸ್ಟಾರ್ ವೀಲ್ ಇರುವ ಅಡ್ಜಸ್ಟರ್ ಮಾತ್ರ ತೇಲುತ್ತಿರುತ್ತದೆ. ಪೆಡಲ್ ಒತ್ತಿದಾಗ ಮುಂದಿನ ಶೂ ಡ್ರಮ್ಮಿಗೆ ತಾಗುತ್ತದೆ. ತಿರುಗುವ ಡ್ರಮ್ಮು ಅದನ್ನು ತನ್ನ ಜೊತೆ ಎಳೆಯುತ್ತದೆ. ಅದು ಅಡ್ಜಸ್ಟರ್ ಮೂಲಕ ಹಿಂದಿನ ಶೂವನ್ನು ದೂಡುತ್ತದೆ. ಹಿಂದಿನದಕ್ಕೆ ಓಡಲು ಜಾಗವಿಲ್ಲ, ಮೇಲೆ ಆಂಕರ್ ಪಿನ್ ಅಡ್ಡ ಇದೆ. ಅಲ್ಲಿ ಆತು, ಡ್ರಮ್ಮಿಗೆ ಇನ್ನಷ್ಟು ಬಲವಾಗಿ ಒತ್ತಿಕೊಳ್ಳುತ್ತದೆ. ಕಾಲಿನ ಬಲಕ್ಕೆ ಬಲ ಸೇರಿಸುವ ಬೂಸ್ಟರ್ ಇಲ್ಲದ ಗಾಡಿಯನ್ನು ಕಾಲಿನ ಬಲದಲ್ಲೇ ನಿಲ್ಲಿಸಲು ಆಗುವುದು ಇದರಿಂದ. ಜಾಸ್ತಿ ಕೆಲಸ ಹಿಂದಿನ ಶೂವಿನದು, ಅದಕ್ಕೇ ಅದರ ಲೈನರ್ ಉದ್ದ. ಎರಡೂ ಚಕ್ರ ಮತ್ತೆ ಬಿಚ್ಚಿದೆ. ಮಗಳಿಗೆ ನೂರು ರೂಪಾಯಿ ದಂಡ ಕಟ್ಟಿದೆ.

ಬ್ಲೀಡಿಂಗ್, ಅಂದರೆ ಬ್ರೇಕ್ ಪೈಪಿನೊಳಗಿನ ಗಾಳಿ ಹೊರಗೆ ಬಿಡುವುದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಡ್ರೈವರ್ ಕಾಲಡಿಯ ತಗಡು ಎತ್ತಿ ಮಾಸ್ಟರ್ ಸಿಲಿಂಡರಿಗೆ ಡಾಟ್ 3 ಅನ್ನುವ ಬ್ರೇಕ್ ಆಯಿಲ್ ಹಾಕಿದೆ. ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಶುರು. ನಮ್ಮದು ಬಲಗಡೆ ಸ್ಟೇರಿಂಗ್, ಆದ್ದರಿಂದ ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ಮಗಳು ಮೇಲೆ, ನಾನು ಕೆಳಗೆ. "ಒತ್ತು. ಹಿಡಿ. ಹಿಡ್ಕೋ ಅಂದ್ರೆ! ಈಗ ಬಿಡು." ಬಾಟಲಿಯೊಳಗೆ ಗುಳ್ಳೆ ನಿಲ್ಲುವವರೆಗೆ ಇದೇ ಮಂತ್ರ. ಬ್ರೇಕ್ ಆಯಿಲ್ ಬಣ್ಣಕ್ಕೆ ವಿಷ. ಬಾನೆಟ್ ಮೇಲೆ ಒಂದು ಹನಿ ಬಿದ್ದದ್ದು ನೋಡಲಿಲ್ಲ, ಈಗ ಅಲ್ಲಿ ಎಂಟಾಣೆ ಅಗಲದ ಕಲೆ ಇದೆ.

ಅಡ್ಜಸ್ಟ್ ಮಾಡುವ ದಿನ ಚಿಕ್ಕಪ್ಪ ಕುರ್ಚಿಯನ್ನು ಚಕ್ರದ ಪಕ್ಕಕ್ಕೇ ಎಳೆದುಕೊಂಡರು. ಮೊದಲು ಹ್ಯಾಂಡ್‌ಬ್ರೇಕ್ ಕೇಬಲ್ ಪೂರ್ತಿ ಸಡಿಲ ಮಾಡಿಸಿದರು. ಅದು ಹಿಂದಿನ ಚಕ್ರಗಳ ಶೂಗಳನ್ನೇ ಎಳೆಯುತ್ತದಲ್ಲ, ಬಿಗಿಯಿದ್ದರೆ ಶೂ ಆಂಕರ್ ಪಿನ್ನಿಗೆ ಬಂದು ಕೂರುವುದೇ ಇಲ್ಲ, ಮಾಡಿದ ಅಡ್ಜಸ್ಟ್‌ಮೆಂಟೆಲ್ಲ ಸುಳ್ಳು. ಆಮೇಲೆ ಪೆಡಲ್ ನಾಲ್ಕು ಸಲ ಜೋರಾಗಿ ಒತ್ತಿ ಶೂಗಳನ್ನು ನಡುವಿಗೆ ತಂದೆ. ಸಂದಿಯಲ್ಲಿ ಸ್ಕ್ರೂಡ್ರೈವರ್ ಹಾಕಿ ಸ್ಟಾರ್ ವೀಲ್ ಒಂದೊಂದೇ ಹಲ್ಲು ತಿರುಗಿಸಿದೆ. ಕಟಕ್, ಕಟಕ್. ಚಕ್ರ ಕೈಯಲ್ಲಿ ತಿರುಗದಷ್ಟು ಬಿಗಿಯಾಯಿತು. ಮತ್ತೆ ಪೆಡಲ್ ಒತ್ತಿದರೆ ಚಕ್ರ ಸ್ವಲ್ಪ ಸಡಿಲ, ಇನ್ನೆರಡು ಹಲ್ಲು.

ಇಲ್ಲಿಗೆ ಹಿಡಿಸುವುದು ಮುಗಿಯಿತು. ಬಿಡಿಸಲು ಹೊರಟಾಗ ಚಿಕ್ಕಪ್ಪ ಕಣ್ಣು ಮುಚ್ಚಿದರು. ನಾನು ಒಂದು ಹಲ್ಲು ಹಿಂದಕ್ಕೆ ತಿರುಗಿಸಿ ಚಕ್ರ ತಳ್ಳುವುದು, ಅವರು ಕೇಳುವುದು. ಮೊದಲು ಗರ್ ಅಂತ ಉಜ್ಜುವ ಶಬ್ದ. "ಇನ್ನೂ." ಐದಾರು ಹಲ್ಲಿನ ಮೇಲೆ ಸರ್... ಸರ್... ಅಂತ ಸುತ್ತಿಗೊಮ್ಮೆ ಒಂದೇ ಜಾಗದಲ್ಲಿ. "ಇನ್ನೊಂದು." ಕೊನೆಗೆ ರೇಷ್ಮೆ ಸೀರೆಯ ಅಂಚು ನೆಲಕ್ಕೆ ತಾಗಿದ ಹಾಗೆ ಒಂದು ಸಣ್ಣ ಸದ್ದು, ಚಕ್ರ ಆರಾಮಾಗಿ ಮೂರು ಸುತ್ತು ಹೋಗಿ ನಿಂತಿತು. "ಸಾಕು." ಪೂರ್ತಿ ಸದ್ದಿಲ್ಲದ ಹಾಗೆ ಬಿಡಿಸಿದರೆ ಪೆಡಲ್ ಕೆಳಗೆ ಹೋಗುತ್ತದೆ, ಸದ್ದು ಜಾಸ್ತಿ ಉಳಿಸಿದರೆ ಡ್ರಮ್ ಕಾಯುತ್ತದೆ. ನಾಲ್ಕು ಚಕ್ರಕ್ಕೆ ಮೂರು ಗಂಟೆ ಆಯಿತು. ಈಗಿನ ಗಾಡಿಗಳಲ್ಲಿ ಇದನ್ನು ಒಂದು ಸಣ್ಣ ಸನ್ನೆಕೋಲು ತಾನೇ ಮಾಡಿಕೊಳ್ಳುತ್ತದೆ. ಇದರಲ್ಲಿ ಆ ಸನ್ನೆಕೋಲು ನಾನೇ.

ಸಂಜೆ ರಸ್ತೆಗೆ ಇಳಿಸಿದೆ. ಪೆಡಲ್ ಅರ್ಧಕ್ಕೇ ಕಲ್ಲಿನ ಹಾಗೆ ನಿಂತಿತು. ಗಾಡಿ ನೇರವಾಗಿ ನಿಂತಿತು, ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ. ಖುಷಿಗೆ ಹಾರ್ನ್ ಹೊಡೆದುಕೊಂಡು ಹೋದೆ. ಮೂರು ಕಿಲೋಮೀಟರ್ ಆಗಿರಬಹುದು. ಏರು ಏನೂ ಇಲ್ಲ, ಆದರೂ ಎಂಜಿನ್ ಉಸಿರು ಎಳೆಯಲು ಶುರು ಮಾಡಿತು. ಸೆಕೆಂಡಿಗೆ ಹಾಕಿದೆ. ಸುಟ್ಟ ವಾಸನೆ ಬಂತು. ಫಸ್ಟಿಗೆ ಹಾಕಿದೆ. ಒಂದು ಸೇತುವೆ ಮೇಲೆ ಗಾಡಿ ಪೂರ್ತಿ ನಿಂತೇಹೋಯಿತು. ಪೆಡಲ್ ಮುಟ್ಟಿಯೂ ಇರಲಿಲ್ಲ. ಇಳಿದು ನೋಡಿದರೆ ನಾಲ್ಕೂ ಚಕ್ರದಿಂದ ಹೊಗೆ. ಹಿಂದೆ ಬಸ್ಸು, ಬಸ್ಸಿನ ಹಿಂದೆ ಎರಡು ಜೀಪು. ಬಸ್ಸಿನವರೆಲ್ಲ ಇಳಿದು ತಳ್ಳಿದರು, ಅಲ್ಲಾಡಲಿಲ್ಲ. ಹಿಡಿಯದೆ ಕಂಬ ಬೀಳಿಸಿದ ಗಾಡಿ ಈಗ ಬಿಡುವುದಿಲ್ಲ ಅನ್ನುತ್ತಿತ್ತು.

ಚಿಕ್ಕಪ್ಪನಿಗೆ ಫೋನ್ ಮಾಡಿದೆ. ಅವರು ಕೇಳಿದ್ದು ಒಂದೇ: "ಪೆಡಲಿಗೆ ಪ್ಲೇ ಎಷ್ಟು ಬಿಟ್ಟಿದ್ದೆ?" ನಾನು ಸುಮ್ಮನಾದೆ. ಪ್ಲೇ, ಅಂದರೆ ಪೆಡಲ್ ಸುಮ್ನೆ ಆಡುವ ಜಾಗ, ಬಿಟ್ಟಿರಲೇ ಇಲ್ಲ. ಪೆಡಲ್ ಮೇಲೇ ಸಿಗಲಿ ಅಂತ ಅವರಿಗೆ ಹೇಳದೆ, ಪೆಡಲಿನಿಂದ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ದೂಡುವ ಪುಶ್ ರಾಡನ್ನು ಉದ್ದ ಮಾಡಿದ್ದೆ. "ಒಂದು ನಿಪ್ಪಲ್ ಬಿಚ್ಚು" ಅಂದರು. ಪಾನಾ ಹಾಕಿ ಮುಂದಿನ ಬಲಗಡೆಯ ನಿಪ್ಪಲ್, ಅಂದರೆ ಬ್ಲೀಡಿಂಗ್ ಮಾಡುವಾಗ ಬಿಚ್ಚುವ ಸ್ಕ್ರೂ, ಕಾಲು ಸುತ್ತು ತಿರುಗಿಸಿದೆ. ಆಯಿಲ್ ಪಿಚಕಾರಿಯ ಹಾಗೆ ಚಿಮ್ಮಿ ಅಂಗಿಗೆಲ್ಲ ಬಿತ್ತು. ಟಕ್ ಅಂತ ಸದ್ದು ಬಂದು ಗಾಡಿ ಒಂದು ಗೇಣು ಮುಂದಕ್ಕೆ ಉರುಳಿತು. ಬಸ್ಸಿನ ಕಂಡಕ್ಟರ್ ಚಪ್ಪಾಳೆ ಹೊಡೆದ.

ಆಗಿದ್ದು ಇಷ್ಟು. ಮಾಸ್ಟರ್ ಸಿಲಿಂಡರಿನಲ್ಲಿ ಸೂಜಿ ಹೋಗುವಷ್ಟು ಸಣ್ಣ ತೂತು ಇದೆ. ಕಾಲು ತೆಗೆದಾಗ ಪಿಸ್ಟನ್ನಿನ ರಬ್ಬರ್ ಕಪ್ ಆ ತೂತಿನ ಹಿಂದಕ್ಕೆ ಹೋಗಬೇಕು. ಆಗ ಪೈಪಿನಲ್ಲಿ ಬಿಸಿಯಾಗಿ ಹಿಗ್ಗಿದ ಆಯಿಲ್ ಅದರ ಮೂಲಕ ಟ್ಯಾಂಕಿಗೆ ವಾಪಸ್ ಹೋಗುತ್ತದೆ. ಪುಶ್ ರಾಡ್ ಉದ್ದವಾದರೆ ಕಪ್ ತೂತಿನ ಮೇಲೇ ಕೂತಿರುತ್ತದೆ. ಆಯಿಲಿಗೆ ಹೋಗಲು ದಾರಿ ಇಲ್ಲ. ಸ್ವಲ್ಪ ಬಿಸಿಯಾದರೆ ಶೂ ಒತ್ತುತ್ತದೆ, ಒತ್ತಿದರೆ ಇನ್ನೂ ಬಿಸಿ, ಬಿಸಿಯಾದರೆ ಇನ್ನೂ ಒತ್ತುತ್ತದೆ. ಬೆಣೆ ತಾನಾಗಿ ಬಿಗಿಯಾಗುವ ಜಾತಿಯ ಬ್ರೇಕ್ ಬೇರೆ. ಪೆಡಲಿಗೆ ಕಾಲು ಇಂಚಿನಿಂದ ಅರ್ಧ ಇಂಚು ಸುಮ್ನೆ ಆಡುವ ಜಾಗ ಇರಬೇಕು. ಆ ಅರ್ಧ ಇಂಚು ವೇಸ್ಟ್ ಅಂತ ನಾನು ತೆಗೆದುಹಾಕಿದ್ದೆ.

ಡ್ರಮ್ ಬಿಚ್ಚಿ ನೋಡಿದಾಗ ಲೈನರಿನ ಮೇಲೆ ಕನ್ನಡಿಯಂಥ ಹೊಳಪು ಬಂದಿತ್ತು. ಮತ್ತೆ ಮರಳುಕಾಗದ, ಮತ್ತೆ ಬಳಪ. ಕಾದ ಆಯಿಲ್ ಪೂರ್ತಿ ಚೆಲ್ಲಿ ಹೊಸದು ಹಾಕಿದೆ. ಪುಶ್ ರಾಡ್ ಗಿಡ್ಡ ಮಾಡಿ, ಪೆಡಲ್ ಬೆರಳಲ್ಲಿ ಒತ್ತಿ, ಸ್ಕೇಲ್ ಹಿಡಿದು ನೋಡಿದೆ. ಹೊಸ ಲೈನರ್ ಪಳಗಿಸಲು ಖಾಲಿ ರಸ್ತೆಯಲ್ಲಿ 50ರಿಂದ 10ಕ್ಕೆ ನಿಧಾನ ಇಳಿಸುವುದು, ಆರಲು ಬಿಡುವುದು, ಮತ್ತೆ ಇಳಿಸುವುದು. ಇಪ್ಪತ್ತು ಸಲ ಮಾಡಿದೆ. ದಾರಿಬದಿಯ ಅಂಗಡಿಯವರು ಇವನಿಗೇನೋ ಆಗಿದೆ ಅಂದುಕೊಂಡಿರಬೇಕು.

ಹೋದ ಭಾನುವಾರ ಚಿಕ್ಕಪ್ಪನನ್ನೂ ಕೂರಿಸಿಕೊಂಡು ಆಗುಂಬೆ ಘಾಟಿ ಇಳಿದೆ. ಹದಿನಾಲ್ಕು ತಿರುವು. ಮೂರೇ ಗೇರಿನ ಗಾಡಿ, ಸೆಕೆಂಡಿನಲ್ಲೇ ಇಳಿಸಿದೆ. "ಬ್ರೇಕ್ ಮೇಲೆ ಕಾಲು ಇಟ್ಕೊಂಡೇ ಇರ್ಬೇಡ. ಗಟ್ಟಿ ಒತ್ತು, ಬಿಟ್ಟುಬಿಡು" ಅಂತ ಎರಡು ತಿರುವಿಗೊಮ್ಮೆ ಹೇಳುತ್ತಿದ್ದರು. ಏಳನೇ ತಿರುವಿನ ಮೇಲೆ ಹೇಳುವುದು ನಿಲ್ಲಿಸಿ ಹೊರಗೆ ಮಂಗಗಳನ್ನು ನೋಡಲು ಶುರು ಮಾಡಿದರು. ನನಗೆ ಅದೇ ಸರ್ಟಿಫಿಕೇಟು.

ಕೆಳಗೆ ಸೋಮೇಶ್ವರದಲ್ಲಿ ಗಾಡಿ ನಿಲ್ಲಿಸಿ, ಬಾಟಲಿ ನೀರನ್ನು ಕೈಯಲ್ಲಿ ತೆಗೆದುಕೊಂಡು ಒಂದೊಂದು ಚಕ್ರದ ಹತ್ತಿರ ಹೋಗಿ ರಿಮ್ಮಿನ ನಡುವೆ ನಾಲ್ಕು ಹನಿ ಚಿಮುಕಿಸಿದೆ. ಮುಂದಿನ ಎರಡರಲ್ಲೂ ನೀರು ಒಂದು ಕ್ಷಣ ನಿಂತು ಆವಿಯಾಯಿತು. ಹಿಂದಿನ ಬಲದ್ದು ಬರೀ ಬೆಚ್ಚಗಿತ್ತು, ಹನಿ ಹಾಗೇ ಜಾರಿತು. ಹಿಂದಿನ ಎಡದ್ದು ಮಾತ್ರ ಚುಂಯ್ ಅಂದಿತು. ಕುರ್ಚಿ ಇರಲಿಲ್ಲ, ಆದರೂ ಚಿಕ್ಕಪ್ಪ ಬಾಗಿಲು ತೆರೆದು ಕೂತಲ್ಲಿಂದಲೇ ಕೇಳಿಸಿಕೊಂಡಿದ್ದರು.

"ಎರಡು ಹಲ್ಲು ಹಿಂದಕ್ಕೆ" ಅಂದರು.